ಹೆಣ್ಣುಮಕ್ಕಳ ಲೇಖನಿ ಮತ್ತು ನಮ್ಮ ಪತ್ರಿಕೆಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸ್ತ್ರೀ ವಿಮೋಚನಾ ಚಳವಳಿ ಮತ್ತು ಆ ಕಾಲದ ವಿದ್ಯಾರ್ಥಿ ಪತ್ರಿಕೆಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಸೂಚಿಸಿದಾಗ ಮೊದಲು ನನಗೆ ಸ್ವಲ್ಪ ಅಳುಕಾಯಿತು. ಸ್ತ್ರೀ ವಿಮೋಚನೆ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು 1960-70ರ ದಶಕದ ಅಮೆರಿಕ ಮತ್ತು ಯುರೋಪು. ಅಲ್ಲಿನ ವಿಶ್ವವಿದ್ಯಾಲಯಗಳ ಹುಡುಗಿಯರು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಲ್ಲಿ ತಮ್ಮ ಮಾತುಗಳನ್ನು ಅಚ್ಚು ಹಾಕಿ ಹಂಚಿದರು. ಅದೂ ನಾವು ಓದಬೇಕಾದ ಚರಿತ್ರೆಯೇ. ಆದರೆ ಅದಕ್ಕೂ ಸುಮಾರು ಎಪ್ಪತ್ತು ವರ್ಷಗಳ ಹಿಂದೆ, ನಮ್ಮದೇ ದೇಶದಲ್ಲಿ, ನಮ್ಮಲ್ಲಿ ಅನೇಕರ ಮನೆಮಾತಾದ ಉರ್ದು ಭಾಷೆಯಲ್ಲಿ, ಮುಸ್ಲಿಂ ಹೆಣ್ಣುಮಕ್ಕಳೇ ಇಂಥ ಕೆಲಸ ಆರಂಭಿಸಿದ್ದರು. ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ನಮ್ಮ ಮನೆಗಳಲ್ಲಂತೂ ಯಾರೂ ಹೇಳುವುದಿಲ್ಲ. ಆದ್ದರಿಂದ ಇಂದು ಆ ಕಥೆಯನ್ನೇ ತಮ್ಮ ಮುಂದಿಡುತ್ತೇನೆ. ಕೊನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ಒಬ್ಬ ಹೆಣ್ಣುಮಗಳಿಂದ ಆರಂಭಿಸೋಣ. ಆಕೆಯ ಹೆಸರು ಅಶ್ರಫುನ್ನಿಸಾ ಬೇಗಂ. ಬೀಬಿ ಅಶ್ರಫ್ ಎಂದೇ ಪ್ರಸಿದ್ಧರು. ಉತ್ತರ ಪ್ರದೇಶದ ಬಿಜನೌರ್ ಕಡೆಯ ಒಂದು ಗೌರವಸ್ಥ ಮನೆತನದಲ್ಲಿ 1840ರಲ್ಲಿ ಹುಟ್ಟಿದವರು. ಆ ಕಾಲದ ಅಂಥ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಿದ್ದರು, ಆದರೆ ಬರೆಯಲು ಕಲಿಸುತ್ತಿರಲಿಲ್ಲ. ಬರೆಯಲು ಬಂದರೆ ಹುಡುಗಿ ಯಾರಿಗೋ ಪತ್ರ ಬರೆದಾಳು ಎಂಬ ಭಯ. ಬೀಬಿ ಅಶ್ರಫ್ ಏನು ಮಾಡಿದರು ಗೊತ್ತೇ? ರೊಟ್ಟಿ ಹೆಂಚಿನ ತಳದ ಮಸಿಯನ್ನು ಕೆರೆದು ಶಾಯಿ ಮಾಡಿಕೊಂಡರು, ಪೊರಕೆ ಕಡ್ಡಿಯನ್ನು ಲೇಖನಿ ಮಾಡಿಕೊಂಡರು. ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ ಮಹಡಿಯ ಮೇಲೆ ಕುಳಿತು ಅಕ್ಷರಗಳನ್ನು ನೋಡಿ ನೋಡಿ ತಿದ್ದಿದರು. ಹೇಳಿಕೊಡುವವರು ಯಾರೂ ಇಲ್ಲದೆ ಬರೆಯಲು ಕಲಿತ ಈ ಹುಡುಗಿ ಮುಂದೆ ವಿಧವೆಯಾಗಿ, ಲಾಹೋರಿನ ವಿಕ್ಟೋರಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾದರು.

ಈ ಸಂಗತಿ ನಮಗೆ ಗೊತ್ತಾಗಿದ್ದು ಹೇಗೆ? ಆಕೆಯೇ ಬರೆದದ್ದರಿಂದ. ಬರೆದದ್ದನ್ನು ಅಚ್ಚು ಮಾಡಲು ಒಂದು ಪತ್ರಿಕೆ ಇದ್ದದ್ದರಿಂದ. ಆ ಪತ್ರಿಕೆಯೇ ‘ತಹಜೀಬ್-ಎ-ನಿಸ್ವಾಂ’. ಬೀಬಿ ಅಶ್ರಫರ ಬರಹ ಅದರಲ್ಲಿ 1899ರಲ್ಲಿ ಪ್ರಕಟವಾಯಿತು. ಪತ್ರಿಕೆ ಇಲ್ಲದಿದ್ದರೆ ಆ ಹೆಂಚಿನ ಮಸಿಯ ಕಥೆ ಆ ಮನೆಯ ಮಹಡಿಯಲ್ಲೇ ಉಳಿದುಬಿಡುತ್ತಿತ್ತು. ನನ್ನ ಇಂದಿನ ಮಾತಿನ ಸಾರವೆಲ್ಲ ಇಷ್ಟೇ: ಹೆಣ್ಣುಮಗಳಿಗೆ ಅಕ್ಷರ ಕಲಿಸುವುದು ಅರ್ಧ ಕೆಲಸ. ಅವಳು ಬರೆದದ್ದಕ್ಕೆ ಒಂದು ಪುಟ ಕೊಡುವುದು ಉಳಿದರ್ಧ.

‘ತಹಜೀಬ್-ಎ-ನಿಸ್ವಾಂ’ ವಾರಪತ್ರಿಕೆ ಲಾಹೋರಿನಲ್ಲಿ 1898ರ ಜುಲೈ 1ರಂದು ಆರಂಭವಾಯಿತು. ಅದನ್ನು ಹುಟ್ಟುಹಾಕಿದವರು ಸಯ್ಯದ್ ಮುಮ್ತಾಜ್ ಅಲಿ ಮತ್ತು ಅವರ ಪತ್ನಿ ಮುಹಮ್ಮದಿ ಬೇಗಂ. ಮುಮ್ತಾಜ್ ಅಲಿ ದೇವಬಂದಿನವರು, ಧಾರ್ಮಿಕ ವಿದ್ಯೆ ಪಡೆದವರು. ಮಹಿಳೆಯರ ಹಕ್ಕುಗಳ ಬಗ್ಗೆ ಅವರು ‘ಹುಕೂಕ್-ಎ-ನಿಸ್ವಾಂ’ ಎಂಬ ಪುಸ್ತಕ ಬರೆದು ಅದರ ಹಸ್ತಪ್ರತಿಯನ್ನು ಅಲಿಗಢದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರಿಗೆ ತೋರಿಸಿದರಂತೆ. ಪುಟ ತಿರುವುತ್ತಾ ಹೋದಂತೆ ಸರ್ ಸಯ್ಯದರ ಮುಖ ಕೆಂಪೇರಿತು. ಹಸ್ತಪ್ರತಿಯನ್ನು ಹರಿದು ಕಸದ ಬುಟ್ಟಿಗೆ ಎಸೆದರು. ಅವರು ಊಟಕ್ಕೆ ಎದ್ದು ಹೋದಾಗ ಮುಮ್ತಾಜ್ ಅಲಿ ಆ ಚೂರುಗಳನ್ನು ಆರಿಸಿಕೊಂಡು ಬಂದರು ಎಂದು ಹೇಳುತ್ತಾರೆ. 1898ರ ಮಾರ್ಚಿನಲ್ಲಿ ಸರ್ ಸಯ್ಯದ್ ತೀರಿಕೊಂಡರು. ಆ ನಂತರವೇ ಪುಸ್ತಕ ಹೊರಬಂತು. ಸರ್ ಸಯ್ಯದರ ಬಗ್ಗೆ ನಮಗೆಲ್ಲ ಅಪಾರ ಗೌರವವಿದೆ. ಅವರಿಲ್ಲದೆ ನಮ್ಮಂಥ ಶೈಕ್ಷಣಿಕ ಸಂಘಗಳೇ ಇರುತ್ತಿರಲಿಲ್ಲವೇನೋ. ಆದರೆ ಮೊದಲು ಗಂಡುಮಕ್ಕಳು ಓದಲಿ, ಹೆಣ್ಣುಮಕ್ಕಳ ಮಾತು ಆಮೇಲೆ ಎಂಬುದು ಅವರ ನಿಲುವಾಗಿತ್ತು. ದೊಡ್ಡವರೂ ಒಂದೊಂದು ವಿಷಯದಲ್ಲಿ ಮುಂದಿನದನ್ನು ಕಾಣದೆ ಹೋಗುತ್ತಾರೆ ಎಂಬುದಕ್ಕೆ ಇದೊಂದು ಪಾಠ.

ಪತ್ರಿಕೆಯ ಸಂಪಾದಕಿ ಮುಹಮ್ಮದಿ ಬೇಗಂ. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಇಲ್ಲಿ ಕುಳಿತಿರುವ ಪದವಿ ತರಗತಿಯ ವಿದ್ಯಾರ್ಥಿನಿಯರಷ್ಟೇ ವಯಸ್ಸು! ಆರಂಭದಲ್ಲಿ ಪ್ರತಿಗಳನ್ನು ಉಚಿತವಾಗಿ ಗಣ್ಯರ ಮನೆಗಳಿಗೆ ಕಳುಹಿಸಿದರು. ಎಷ್ಟೋ ಪ್ರತಿಗಳು ಬೈಗುಳ ಬರೆಸಿಕೊಂಡು ವಾಪಸ್ಸು ಬಂದವು. ಮೊದಲ ಕೆಲವು ತಿಂಗಳು ಚಂದಾದಾರರು ನೂರೂ ಇರಲಿಲ್ಲ. ಆದರೂ ವಾರ ವಾರವೂ ಪತ್ರಿಕೆ ಬರುತ್ತಲೇ ಇತ್ತು. ಮುಹಮ್ಮದಿ ಬೇಗಂ 1908ರಲ್ಲಿ ಕೇವಲ ಮೂವತ್ತನೇ ವಯಸ್ಸಿನಲ್ಲಿ ತೀರಿಹೋದರು. ಪತ್ರಿಕೆ ನಿಲ್ಲಲಿಲ್ಲ. ಸುಮಾರು ಐವತ್ತು ವರ್ಷ ನಡೆಯಿತು.

ಅದರಲ್ಲಿ ಏನಿರುತ್ತಿತ್ತು ಎಂದು ನೀವು ಕೇಳಬಹುದು. ಭಾರೀ ಕ್ರಾಂತಿಯ ಮಾತುಗಳಲ್ಲ. ಮನೆ ನಡೆಸುವ ಬಗೆ, ಮಕ್ಕಳ ಆರೋಗ್ಯ, ಅಡುಗೆ, ಮದುವೆಯಲ್ಲಿ ದುಂದುವೆಚ್ಚ ಬೇಡವೆಂಬ ಬುದ್ಧಿಮಾತು, ಹುಡುಗಿಯರ ಶಾಲೆಯ ಸುದ್ದಿ, ಓದುಗರ ಪತ್ರ. ಈ ಪತ್ರಗಳೇ ಪತ್ರಿಕೆಯ ಜೀವಾಳ. ಒಂದೂರಿನ ಹೆಣ್ಣುಮಗಳು ಬರೆದದ್ದಕ್ಕೆ ಇನ್ನೊಂದೂರಿನವಳು ಉತ್ತರಿಸುತ್ತಿದ್ದಳು. ಮನೆಯ ಹೊಸಿಲು ದಾಟದ ಹೆಂಗಸರು ತಮ್ಮನ್ನು ‘ತಹಜೀಬಿ ಬೆಹನೇಂ’, ಅಂದರೆ ತಹಜೀಬಿನ ಅಕ್ಕತಂಗಿಯರು ಎಂದು ಕರೆದುಕೊಂಡರು. ತನ್ನ ಕಷ್ಟ ತನ್ನೊಬ್ಬಳದೇ ಅಲ್ಲ ಎಂದು ಅವರಿಗೆ ತಿಳಿದದ್ದು ಈ ಪುಟಗಳಿಂದ. ಯಾವ ಚಳವಳಿಯೂ ಹುಟ್ಟುವುದು ಹೀಗೆಯೇ ಅಲ್ಲವೇ?

ಲಾಹೋರಿನ ಹಿಂದೆಯೇ ಅಲಿಗಢವೂ ಎದ್ದಿತು. ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1904ರಲ್ಲಿ ‘ಖಾತೂನ್’ ಎಂಬ ಮಾಸಪತ್ರಿಕೆ ತಂದರು. 1906ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಈ ಕ್ರಮವನ್ನು ಗಮನಿಸಿ: ಮೊದಲು ಪತ್ರಿಕೆ, ನಂತರ ಶಾಲೆ. ಪತ್ರಿಕೆ ಜನರ ಮನಸ್ಸನ್ನು ಸಿದ್ಧಗೊಳಿಸಿತು, ಭೋಪಾಲದ ನವಾಬ್ ಸುಲ್ತಾನ್ ಜಹಾನ್ ಬೇಗಂ ಅವರು ಹಣದ ನೆರವು ಕೊಟ್ಟರು. ಬೆರಳೆಣಿಕೆಯ ಹುಡುಗಿಯರು ಪರದೆ ಕಟ್ಟಿದ ಡೋಲಿಗಳಲ್ಲಿ ಬಂದು ಕಲಿತ ಆ ಶಾಲೆಯೇ ಇಂದಿನ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು. 1908ರಲ್ಲಿ ದೆಹಲಿಯಿಂದ ರಾಶಿದುಲ್ ಖೈರಿ ಅವರ ‘ಇಸ್ಮತ್’ ಬಂತು. ಹತ್ತು ವರ್ಷಗಳೊಳಗೆ ಮೂರು ಪತ್ರಿಕೆಗಳು!

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪತ್ರಿಕೆಗಳಿಗೆ ಬರೆದ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರು ಹಾಕುತ್ತಿರಲಿಲ್ಲ. ಇಂಥವರ ಮಗಳು, ಇಂಥವರ ಪತ್ನಿ ಎಂದಷ್ಟೇ ಇರುತ್ತಿತ್ತು. ಮುಂದೆ ದೊಡ್ಡ ಕಾದಂಬರಿಕಾರ್ತಿಯಾದ ನಜರ್ ಸಜ್ಜಾದ್ ಹೈದರ್ ಮದುವೆಗೆ ಮೊದಲು ಬರೆದದ್ದು ‘ಬಿಂತ್ ನಜರುಲ್ ಬಾಕರ್’ ಎಂದು, ಅಂದರೆ ನಜರುಲ್ ಬಾಕರರ ಮಗಳು. ಮದುವೆಯ ನಂತರ ಗಂಡನ ಹೆಸರು ಬಂತು. ಮದುವೆಗೆ ಮೊದಲಿನ ಬರಹಗಳಲ್ಲಿ ತಂದೆಯ ಹೆಸರಿದೆ, ಬರೆದವಳ ಹೆಸರೇ ಇಲ್ಲ! ಅಲಿಗಢದ ಸಮೀಪದ ಭೀಕಂಪುರದ ನವಾಬರ ಮನೆಯ ಜಾಹಿದಾ ಖಾತೂನ್ ಶೇರ್ವಾನಿ ಅದ್ಭುತ ಕವಯಿತ್ರಿ. ಅವರು ತಮ್ಮ ಕವಿತೆಗಳ ಕೆಳಗೆ ಹಾಕಿದ್ದು ಮೂರೇ ಅಕ್ಷರ: ಜೇ, ಖೇ, ಶೀನ್. 1922ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಉರ್ದು ಸಾಹಿತ್ಯ ಚರಿತ್ರೆಯಲ್ಲಿ ಇಂದಿಗೂ ಅವರು ಆ ಮೂರಕ್ಷರದಿಂದಲೇ ಪರಿಚಿತರು.

ಇದು ನೂರು ವರ್ಷ ಹಿಂದಿನ ಮಾತು ಎಂದು ನಗಬೇಡಿ. ನಮ್ಮ ಮನೆಗಳಿಗೆ ಬರುವ ಮದುವೆಯ ಉರ್ದು ರುಕ್ಕಾಗಳನ್ನು ತೆಗೆದು ನೋಡಿ. ವರನ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕೆಲವು ರುಕ್ಕಾಗಳಲ್ಲಿ ವಧುವಿನ ಜಾಗದಲ್ಲಿ ‘ದುಖ್ತರೆ ನೇಕ್ ಅಖ್ತರ್’, ಅಂದರೆ ಸೌಭಾಗ್ಯವತಿ ಮಗಳು, ಎಂದಷ್ಟೇ ಇರುತ್ತದೆ. ಅವಳದೇ ಮದುವೆ, ಅವಳ ಹೆಸರಿಲ್ಲ.

ವಿದ್ಯಾರ್ಥಿಗಳೇ, ಈಗ ನಿಮ್ಮ ವಿಷಯ, ಅಂದರೆ ಕಾಲೇಜು ಪತ್ರಿಕೆಯ ವಿಷಯ. ಆಗಲೇ ಹೇಳಿದ ಶೇಖ್ ಅಬ್ದುಲ್ಲಾ ದಂಪತಿಗಳ ಮಗಳು ರಶೀದ್ ಜಹಾನ್. ಹುಟ್ಟಿದ್ದು 1905ರಲ್ಲಿ. ತಂದೆ ತಾಯಿ ಕಟ್ಟಿದ ಶಾಲೆಯಲ್ಲೇ ಓದಿ, ಲಖನೌದ ಇಸಬೆಲ್ಲಾ ಥೋಬರ್ನ್ ಕಾಲೇಜಿಗೆ ಸೇರಿದರು. ಆ ಕಾಲೇಜಿನ ವಿದ್ಯಾರ್ಥಿನಿಯರ ಪತ್ರಿಕೆಯ ಹೆಸರು ‘ಚಾಂದ್ ಬಾಗ್ ಕ್ರಾನಿಕಲ್’. ರಶೀದ್ ಜಹಾನ್ ತಮ್ಮ ಮೊದಲ ಕಥೆಯನ್ನು 1923ರಲ್ಲಿ ಆ ಪತ್ರಿಕೆಗಾಗಿ ಇಂಗ್ಲಿಷಿನಲ್ಲಿ ಬರೆದರು. ಆಗ ಅವರಿಗೆ ಹದಿನೆಂಟು ವರ್ಷ. ನಂತರ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಓದಿ ಡಾಕ್ಟರಾದರು. 1932ರಲ್ಲಿ ಮೂವರು ಗೆಳೆಯರೊಡನೆ ‘ಅಂಗಾರೇ’ ಎಂಬ ಸಂಕಲನದಲ್ಲಿ ಬರೆದರು. ದೊಡ್ಡ ಗಲಾಟೆಯಾಗಿ 1933ರ ಮಾರ್ಚಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆ ಪುಸ್ತಕದಲ್ಲಿರುವ ಎಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಅದರಲ್ಲಿನ ಅವರ ನಾಟಕ ಹೇಳುವುದೇನು? ಮೇಲಿಂದ ಮೇಲೆ ಹೆತ್ತು ಸೊರಗಿಹೋದ, ಹೇಳಿಕೊಳ್ಳಲು ಯಾರೂ ಇಲ್ಲದ ಒಬ್ಬ ಗೃಹಿಣಿಯ ಸಂಕಟ. ಇದನ್ನು ವೈದ್ಯೆಯೊಬ್ಬಳು ಕಂಡದ್ದು, ಕಂಡದ್ದನ್ನು ತನ್ನ ಹೆಸರು ಹಾಕಿ ಬರೆದದ್ದು. ಮೂರಕ್ಷರದ ಹಿಂದೆ ಅಡಗಿದ ಕವಯಿತ್ರಿಯ ಕಾಲದಿಂದ ಇಲ್ಲಿಗೆ ಹತ್ತೇ ವರ್ಷ.

ಅಲಿಗಢದ ಅದೇ ಶಾಲೆಯಲ್ಲೂ, ಲಖನೌದ ಅದೇ ಕಾಲೇಜಿನಲ್ಲೂ ಓದಿದ ಇನ್ನೊಬ್ಬರು ಇಸ್ಮತ್ ಚುಗ್ತಾಯಿ. ಬಿ.ಎ. ಮುಗಿಸಿ ಶಿಕ್ಷಕ ತರಬೇತಿಯನ್ನೂ ಪಡೆದ ಮೊದಲ ಭಾರತೀಯ ಮುಸ್ಲಿಂ ಮಹಿಳೆಯರಲ್ಲಿ ಅವರೂ ಒಬ್ಬರು, ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆಗಿದ್ದವರು. ಬಿ.ಎಡ್. ಮಾಡಿದ ನಮಗೆಲ್ಲ ಇದು ಹೆಮ್ಮೆಯ ಸಂಗತಿ. 1939ರಲ್ಲಿ ‘ಸಾಕೀ’ ಪತ್ರಿಕೆಯಲ್ಲಿ ಅವರ ಮೊದಲ ನಾಟಕ ಬಂದಾಗ ಓದುಗರು ಇದು ಅವರ ಅಣ್ಣ ಅಜೀಂ ಬೇಗ್ ಚುಗ್ತಾಯಿಯವರೇ ಬರೆದದ್ದು ಎಂದುಕೊಂಡರು. ಅಚ್ಚಿನಲ್ಲಿ ಹೆಸರು ಇದ್ದರೂ ನಂಬಲಿಲ್ಲ! ಹೆಸರಿಲ್ಲದಿದ್ದರೆ ಗತಿಯೇನು?

ಇನ್ನು ನಮ್ಮ ನಾಡಿಗೆ ಬರೋಣ. ಉರ್ದು ವಿಮರ್ಶೆಯಲ್ಲಿ ಬಹು ದೊಡ್ಡ ಹೆಸರಾದ ಮುಮ್ತಾಜ್ ಶೀರೀನ್ 1924ರಲ್ಲಿ ಹಿಂದೂಪುರದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದವರು. 1944ರಲ್ಲಿ ಪತಿ ಸಮದ್ ಶಾಹೀನ್ ಜೊತೆಗೂಡಿ ಬೆಂಗಳೂರಿನಿಂದಲೇ ‘ನಯಾ ದೌರ್’ ಪತ್ರಿಕೆ ಹೊರತಂದರು. ಇಪ್ಪತ್ತು ವರ್ಷದ ಹುಡುಗಿ ನಮ್ಮ ಬೆಂಗಳೂರಿನಲ್ಲಿ ಕುಳಿತು ದೇಶದ ದೊಡ್ಡ ದೊಡ್ಡ ಲೇಖಕರ ಬರಹಗಳನ್ನು ಆರಿಸಿ ಪ್ರಕಟಿಸಿದಳು. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕನ್ನಡದಲ್ಲಿಯೂ ಇದೇ ಕಥೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರು 1981ರಿಂದ ‘ಲಂಕೇಶ್ ಪತ್ರಿಕೆ’ಯಲ್ಲಿ ಬರೆಯತೊಡಗಿದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಅದರಲ್ಲೇ ಧಾರಾವಾಹಿಯಾಗಿ ಬಂತು. ಹಾಸನದ ಬಾನು ಮುಷ್ತಾಕ್ ಅವರ ಮೊದಲ ಕಥೆ ‘ಪ್ರಜಾಮತ’ದಲ್ಲಿ ಅಚ್ಚಾಯಿತು. ಎಂಟನೇ ವಯಸ್ಸಿನಲ್ಲಿ, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ ಮಗು ಅವರು. 2025ರಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳೆಲ್ಲ ಅಭಿನಂದನೆಗಳಿಂದ ತುಂಬಿಹೋದವು. ಸಂತೋಷ. ಆದರೆ ಪ್ರಶಸ್ತಿ ಬಂದ ಮೇಲೆ ಹೆಮ್ಮೆ ಪಡುವುದು ಸುಲಭ. ಮೊದಲ ಕಥೆ ಬರೆದ ದಿನ ಅದನ್ನು ಅಚ್ಚು ಮಾಡಿದ ಪತ್ರಿಕೆ ಒಂದಿತ್ತಲ್ಲ, ಆ ಕೆಲಸ ನಾವು ಮಾಡುತ್ತಿದ್ದೇವೆಯೇ?

ಹೆಣ್ಣುಮಕ್ಕಳ ಹೆಸರು ನಾಲ್ಕು ಜನರ ಬಾಯಲ್ಲಿ ಬರುವುದು ನಮ್ಮ ಸಂಸ್ಕೃತಿಗೆ ತಕ್ಕದ್ದಲ್ಲ ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಕಾಳಜಿಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ವಿನಯದಿಂದ ಕೇಳುತ್ತೇನೆ: ಹಜ್ರತ್ ಆಯಿಷಾ ರಜಿಯಲ್ಲಾಹು ಅನ್ಹಾ ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ನಮಗೆ ಬಂದಿವೆ. ಪ್ರತಿಯೊಂದರಲ್ಲೂ ಅವರ ಹೆಸರಿದೆ. ಆ ಹೆಸರನ್ನು ಮರೆಮಾಡಿದರೆ ಹದೀಸಿನ ಸನದೇ ಉಳಿಯುವುದಿಲ್ಲ. ಒಟ್ಟುಗೂಡಿಸಿದ ಕುರ್‌ಆನಿನ ಹಸ್ತಪ್ರತಿ ಇದ್ದದ್ದು ಹಜ್ರತ್ ಹಫ್ಸಾ ಅವರ ಬಳಿ. ಅವರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ ಎಂಬ ಮಹಿಳೆ. ಹನ್ನೊಂದನೇ ಶತಮಾನದಲ್ಲಿ ಮಕ್ಕಾದಲ್ಲಿ ಕುಳಿತು ಸಹೀಹ್ ಬುಖಾರಿ ಪಾಠ ಹೇಳಿದ ಕರೀಮಾ ಅಲ್ ಮರ್ವಜಿಯ್ಯಾ ಅವರ ಶಿಷ್ಯರಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿದ್ದರು. ನಮ್ಮ ದೀನ್ ಈ ಹೆಸರುಗಳನ್ನು ಶತಮಾನಗಳಿಂದ ಕಾಪಾಡಿದೆ. ಮರೆಮಾಡಿದ್ದು ನಮ್ಮ ರೂಢಿ.

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ತಿಂಗಳಿಗೊಮ್ಮೆ ಗೋಡೆ ಪತ್ರಿಕೆ ಮಾಡುತ್ತಿದ್ದೆವು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ತನ್ನ ದಾದಿಮಾ ಬಗ್ಗೆ ಎರಡು ಪುಟ ಬರೆದು ತಂದಳು. ದಾದಿಮಾ ಬೀಡಿ ಕಟ್ಟುವವರು. ಪಾಸ್‌ಬುಕ್ಕಿನಲ್ಲಿ ಎಷ್ಟು ಬೀಡಿ ಎಂದು ಬರೆದಿದ್ದಾರೋ ಓದಲು ಬರುವುದಿಲ್ಲವೆಂದು ಅರವತ್ತರ ವಯಸ್ಸಿನಲ್ಲಿ ಮೊಮ್ಮಗಳಿಂದ ಅಂಕಿ ಕಲಿತರಂತೆ. ಸರಳವಾದ, ನಿಜವಾದ ಬರಹ. ಸಂತೋಷದಿಂದ ಹಾಕಿಸಿದೆ. ಮರುದಿನ ಹಿರಿಯರೊಬ್ಬರು ನೋಡಿ, “ಹೆಣ್ಣುಮಕ್ಕಳ ಹೆಸರು ಗೋಡೆಗೆ ಯಾಕೆ ಹಾಕ್ತೀರಿ ಟೀಚರ್?” ಎಂದರು. ನಾನು ವಾದ ಮಾಡಲಿಲ್ಲ. ಹುಡುಗಿಯನ್ನು ಕೇಳಲಿಲ್ಲ, ಅವಳ ಮನೆಯವರನ್ನೂ ಕೇಳಲಿಲ್ಲ. ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ‘ಒಬ್ಬ ವಿದ್ಯಾರ್ಥಿನಿ’ ಎಂದು ಬರೆದುಬಿಟ್ಟೆ.

ಹುಡುಗಿ ನೋಡಿದಳು. “ಟೀಚರ್, ನಾನು ಬರೆದದ್ದರಲ್ಲಿ ಏನಾದರೂ ತಪ್ಪಿತ್ತಾ?” ಎಂದು ಕೇಳಿದಳು. ಇಲ್ಲಮ್ಮ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಆ ವಾರವೇ ಅವಳ ತಂದೆ ಶಾಲೆಗೆ ಬಂದರು. ಜಗಳಕ್ಕೆ ಬಂದಿರಬೇಕೆಂದು ನಾನು ಹೆದರಿದೆ. ಅವರು ಕೇಳಿದ್ದು ಇಷ್ಟೇ: “ಮಗಳು ಬರೆದದ್ದು ಗೋಡೆ ಮೇಲೆ ಹಾಕಿದ್ದೀರಂತೆ, ಯಾವುದು ಅಂತ ತೋರಿಸ್ತೀರಾ?” ಅವರು ಹೆಚ್ಚು ಓದಿದವರಲ್ಲ. ಆದರೆ ಮಗಳ ಹೆಸರು ಓದಲು ಬರುತ್ತಿತ್ತು. ಅದನ್ನೇ ಹುಡುಕುತ್ತಿದ್ದರು. ಆ ಬಿಳಿ ಪಟ್ಟಿಯ ಮುಂದೆ ನಿಂತು ನಾನು ತಲೆ ತಗ್ಗಿಸಿದೆ. ನಾನು ಯಾರ ಗೌರವ ಕಾಪಾಡಲು ಹೊರಟಿದ್ದೆನೋ ಅವರಿಗೇ ಅದು ಬೇಕಿರಲಿಲ್ಲ. ಆ ಹುಡುಗಿ ಮತ್ತೆ ಗೋಡೆ ಪತ್ರಿಕೆಗೆ ಏನನ್ನೂ ಬರೆದುಕೊಡಲಿಲ್ಲ. ಅವಳ ಹೆಸರನ್ನು ನಾನು ಇಲ್ಲಿಯೂ ಹೇಳುವುದಿಲ್ಲ. ಆದರೆ ಈ ಬಾರಿ ಕಾರಣ ಬೇರೆ. ಹೆಸರು ಹೇಳಬೇಕೋ ಬೇಡವೋ ಎಂಬುದು ಅವಳ ತೀರ್ಮಾನ, ನನ್ನದಲ್ಲ. ಅಂದು ನನಗೆ ತಿಳಿಯದೆ ಹೋದದ್ದು ಇದೇ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮೂರು ವಿನಂತಿಗಳಿವೆ. ಮೊದಲನೆಯದು, ಮುಂದಿನ ವರ್ಷದಿಂದ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಕನಿಷ್ಠ ಹತ್ತು ಪುಟಗಳನ್ನು ವಿದ್ಯಾರ್ಥಿನಿಯರಿಗೆ ಮೀಸಲಿಡಿ, ಕನ್ನಡ ಮತ್ತು ಉರ್ದು ಎರಡರಲ್ಲೂ. ಜಾಹೀರಾತು ಹೆಚ್ಚು ಬಂದಿತೆಂದು ಆ ಪುಟಗಳನ್ನು ಕಡಿಮೆ ಮಾಡಬೇಡಿ. ಎರಡನೆಯದು, ಹೆಸರು ಹಾಕುವ ವಿಷಯವನ್ನು ಬರೆದವಳನ್ನೇ ಕೇಳಿ ತೀರ್ಮಾನಿಸಿ. ಅವಳು ಬೇಡವೆಂದರೆ ಬೇಡ. ಬೇಕೆಂದರೆ ಪೂರ್ಣ ಹೆಸರಿರಲಿ. ಮೂರನೆಯದು, ಸಂಪಾದಕ ಮಂಡಳಿಯಲ್ಲಿ ಇಬ್ಬರು ವಿದ್ಯಾರ್ಥಿನಿಯರಿರಲಿ. ಇಪ್ಪತ್ತರ ಮುಹಮ್ಮದಿ ಬೇಗಂ ವಾರಪತ್ರಿಕೆ ನಡೆಸಬಹುದಾದರೆ ನಮ್ಮ ಹುಡುಗಿಯರು ವರ್ಷಕ್ಕೊಂದು ಸಂಚಿಕೆಯ ಕರಡು ತಿದ್ದಲಾರರೇ?

ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ದೊಡ್ಡ ವಿಷಯ ಸಿಗಲಿ ಎಂದು ಕಾಯಬೇಡಿ. ಮನೆಯಲ್ಲಿ ಅಮ್ಮಿ ದುಡ್ಡು ಹೊಂದಿಸುವುದು ಹೇಗೆ, ಬಸ್ಸಿನಲ್ಲಿ ಕಾಲೇಜಿಗೆ ಬರುವುದು ಹೇಗೆ, ದಾದಿ ನಾನಿಯರು ಏನು ಓದಬೇಕೆಂದಿದ್ದರು, ಯಾಕೆ ಓದಲಿಲ್ಲ, ಇವನ್ನು ಬರೆಯಿರಿ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಗಂಡುಮಕ್ಕಳೇ, ನಿಮ್ಮ ಅಕ್ಕತಂಗಿಯರು ಬರೆದದ್ದನ್ನು ಓದಿ. ಮುಮ್ತಾಜ್ ಅಲಿ, ಶೇಖ್ ಅಬ್ದುಲ್ಲಾ ಅವರೂ ಗಂಡಸರೇ ಆಗಿದ್ದರು ಎಂಬುದನ್ನು ಮರೆಯಬೇಡಿ.

ನಮ್ಮ ಶಾಲೆಗಳ ಗೋಡೆಗಳ ಮೇಲೆ ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ಬರೆಸಿದ್ದೇವೆ. ಒಳ್ಳೆಯ ಮಾತು. ಅದೇ ಗೋಡೆಯ ಮೇಲೆ ಆ ಹೆಣ್ಣುಮಗಳು ಬರೆದದ್ದಕ್ಕೂ ಜಾಗ ಮಾಡೋಣ. ನಮಗೆ ಬಂದ ಮೊದಲ ವಹೀ ‘ಇಕ್ರಾ’, ಓದು ಎಂಬ ಆಜ್ಞೆ. ಅದರ ಜೊತೆಯಲ್ಲೇ ಲೇಖನಿಯ ಮಾತೂ ಇದೆ ಎಂಬುದನ್ನು ನೆನಪಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.